ಮೊದಲ ಎರಡು ಧಾರೆ

ನಾಗವೇಣಿ ಮೇಡಂ ಒಂದು ದಿನ ಒಂಬತ್ತನೇ ಕ್ಲಾಸಿಗೆ ತೆಂಗಿನ ಚಿಪ್ಪು ಹಿಡಿದುಕೊಂಡು ಬಂದರಂತೆ. ಅದರೊಳಕ್ಕೆ ಒಂದಿಷ್ಟು ಹಾಲು ಹುಯ್ದು, ಮಕ್ಕಳ ಮುಂದೆ ಎತ್ತಿ ಹಿಡಿದು, “ಇದೇ ಕಣ್ರೋ ಪೀಠಿಕೆ” ಅಂದರಂತೆ. ಮಕ್ಕಳಿಗೆಲ್ಲ ಆ ಕ್ಷಣವೇ ಅರ್ಥವಾಗಿಬಿಟ್ಟಿತಂತೆ. ಮಾಹಿತಿ ಬರಹಕ್ಕೆ ಪೀಠಿಕೆ ಹೇಗಿರಬೇಕು ಎಂಬುದನ್ನು ಅಂದಿನಿಂದ ಆ ಸ್ಕೂಲಿನಲ್ಲಿ ಯಾರೂ ಮರೆಯಲಿಲ್ಲವಂತೆ.

ಶಿಕ್ಷಕರ ತರಬೇತಿಗೆ ಹೋದಲ್ಲೆಲ್ಲ ಈ ಕತೆ ನನ್ನ ಕಿವಿಗೆ ಬೀಳುತ್ತದೆ. ಕೋಲಾರದಲ್ಲಿ ಕೇಳಿದಾಗ ಬರೀ ಚಿಪ್ಪು ಇತ್ತು. ಮುಳಬಾಗಿಲಿನಲ್ಲಿ ಚಿಪ್ಪಿನ ಜೊತೆ ಒಂದು ತಂಬಿಗೆ ಸೇರಿಕೊಂಡಿತ್ತು. ಮಾಲೂರು ತಲುಪುವಷ್ಟರಲ್ಲಿ ಕರುವೊಂದು ಕ್ಲಾಸಿನೊಳಗೇ ಬಂದು ನಿಂತಿತ್ತು. ಇನ್ನೂ ಸ್ವಲ್ಪ ಬಿಟ್ಟರೆ ಹಸುವನ್ನು ಹಾಜರಿ ಪುಸ್ತಕಕ್ಕೂ ಸೇರಿಸುತ್ತಾರೆ.

ನನ್ನ ಆಕ್ಷೇಪಣೆ ಇಷ್ಟೇ. ಆ ಕ್ಲಾಸಿನಲ್ಲಿ ಕಿಟಕಿ ಪಕ್ಕದ ಬೆಂಚಿನ ಮೇಲೆ ನಾನು ಕೂತಿದ್ದೆ. ಚಿಪ್ಪು ಕ್ಲಾಸಿಗೆ ಬರಲೇ ಇಲ್ಲ. ಹಾಲೂ ಬರಲಿಲ್ಲ. ಆ ಕ್ಷಣವೇ ಅರ್ಥವಾಯಿತು ಅನ್ನುವುದಂತೂ ಶುದ್ಧ ಸುಳ್ಳು. ನಮಗೆ ಅರ್ಥವಾಗಲು ಸ್ಕೂಲು ಶುರುವಾದಾಗಿನಿಂದ ದಸರಾ ರಜೆ ಹತ್ತಿರ ಬರುವವರೆಗೂ ಬೇಕಾಯಿತು, ಊರವರ ಕೈಯಲ್ಲಿ ಬೇಕಾದಷ್ಟು ಅನ್ನಿಸಿಕೊಳ್ಳಬೇಕಾಯಿತು.

ಆದರೆ ಚಿಪ್ಪು ಇದ್ದದ್ದು ನಿಜ. ಅದು ಈಗ ನನ್ನ ಹತ್ತಿರವೇ ಇದೆ. ಆವನಿಯ ಹತ್ತಿರದ ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿಯಾಗಿರುವ ನಾನು ಅದರಲ್ಲಿ ಸೀಮೆಸುಣ್ಣದ ಚೂರು ಹಾಕಿಟ್ಟುಕೊಂಡಿದ್ದೇನೆ. “ಅತಿಥಿ ಶಿಕ್ಷಕರ ಕೈಗೆ ಕೊನೆಗೆ ಚಿಪ್ಪೇ ಅಂತ ಗೊತ್ತಿತ್ತು. ನೀವು ಮೊದಲೇ ತಂದಿಟ್ಕೊಂಡಿದ್ದೀರಲ್ಲ ಮಿಸ್” ಎಂದು ಗಣಿತದ ಮೇಷ್ಟ್ರು ವಾರಕ್ಕೊಮ್ಮೆಯಾದರೂ ನಗುತ್ತಾರೆ. ನಗಲಿ. ಮೊನ್ನೆ ಸುಣ್ಣದ ಚೂರಿಗೆ ಕೈ ಹಾಕಿದಾಗ ಚಿಪ್ಪಿನ ಒಳಮೈ ಬೆರಳಿಗೆ ತಾಗಿತು. ನುಣ್ಣಗೆ, ಕಂದುಗಪ್ಪಾಗಿ, ಒಳ್ಳೆ ಪಾಲಿಶ್ ಮಾಡಿದ ಹಾಗಿದೆ. ಎಷ್ಟು ಬೆಳಗಿನ ಹಾಲು ಅದನ್ನು ತೊಳೆದಿದೆಯೋ! ನಿಜ ನಡೆದದ್ದನ್ನು ಒಮ್ಮೆ ಹೇಳಿಯೇಬಿಡೋಣ ಅನ್ನಿಸಿತು.

ನೋಡಿ, ನಮ್ಮ ಕಡೆ ಪೀಠಿಕೆ ಅನ್ನುವುದು ಬೈಗುಳ. “ಪೀಠಿಕೆ ಹಾಕ್ಬೇಡ, ವಿಷಯಕ್ಕೆ ಬಾ” ಅನ್ನುತ್ತಾರೆ. ಹಾಗೆ ಅನ್ನುವವರೇ ಅದರಲ್ಲಿ ಪಳಗಿದವರು. ನಮ್ಮಜ್ಜಿ ಪಕ್ಕದ ಮನೆಗೆ ಜರಡಿ ಕೇಳಲು ಹೋದರೆ ಮೊದಲು ಮೋಡದ ಸಮಾಚಾರ, ಆಮೇಲೆ ಅವರ ಸೊಸೆಯ ಬಾಣಂತನ, ಅದಾದ ಮೇಲೆ ಮುಳಬಾಗಿಲಿನಾಚೆ ಇರುವ ತನ್ನ ತವರಿನ ದಾಯಾದಿಗಳ ಗುಣಗಾನ. ಅಜ್ಜಿಗೆ ಪೀಠಿಕೆ ತೆಲುಗಿನಲ್ಲೇ ಆಗಬೇಕು. ಕೇಳುವ ವಿಷಯ ಮಾತ್ರ ಕನ್ನಡದಲ್ಲಿ, ಒಂದೇ ಉಸಿರಿನಲ್ಲಿ, ಎದ್ದು ನಿಂತಮೇಲೆ. ಅಷ್ಟು ಹೊತ್ತಿಗೆ ಆ ಮನೆಯವರು ತಮ್ಮ ಹಿಟ್ಟು ಜರಡಿ ಹಿಡಿಯಲು ಶುರುಮಾಡಿರುತ್ತಿದ್ದರು.

ಸ್ಕೂಲಿನ ಪೀಠಿಕೆಯ ಕತೆಯೇ ಬೇರೆ. ಪ್ರಬಂಧ ಎಂದರೆ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ಮೂರಕ್ಕೂ ಅಡಿಗೆರೆ ಎಳೆಯಬೇಕು. ಪೀಠಿಕೆಯಲ್ಲಿ “ಮಾನವನು ಸಂಘಜೀವಿ” ಎಂದು ಬರೆದರೆ ಮುಗಿಯಿತು, ಕೆಳಗೆ ಗ್ರಂಥಾಲಯ ಬಂದರೂ ಸರಿ, ವರದಕ್ಷಿಣೆ ಬಂದರೂ ಸರಿ, ಚಂದ್ರಯಾನ ಬಂದರೂ ಸರಿ. ಫೋಟೋ ಸ್ಟುಡಿಯೋದಲ್ಲಿ ಮೊಳೆಗೆ ಒಂದು ಕೋಟು ನೇತುಹಾಕಿರುತ್ತಾರಲ್ಲ, ಹಾಗೆ. ಯಾರು ಬಂದರೂ ಅದನ್ನೇ ತೊಟ್ಟು ನಿಲ್ಲಬೇಕು. ತೋಳು ಉದ್ದವೋ ಗಿಡ್ಡವೋ, ಫೋಟೋದಲ್ಲಿ ಕಾಣುವುದಿಲ್ಲ.

ನನಗೆ ಮಾತ್ರ ಆ ಕೋಟು ಬೇಕಿರಲಿಲ್ಲ, ಯಾಕೆಂದರೆ ನಾನು ಚರ್ಚಾಪಟು. “ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ, ನಿಷ್ಪಕ್ಷಪಾತ ತೀರ್ಪು ನೀಡಲಿರುವ ತೀರ್ಪುಗಾರರೇ, ನನ್ನ ಮಾತಿನ ಓಟಕ್ಕೆ ಗಂಟೆ ಹಿಡಿದು ಕಾದಿರುವ ಸಮಯಪಾಲಕರೇ” ಎಂದು ನಾನು ಶುರುಮಾಡಿದರೆ ಬೀದಿನಾಯಿಯೂ ನಿಂತು ಕೇಳುತ್ತಿತ್ತು. ಮಾಲೂರಿನಲ್ಲಿ ಒಂದು ಸ್ಪರ್ಧೆ. ಎಲ್ಲರಿಗೂ ವಂದಿಸಿ, ವಿರೋಧಿಗಳಿಗೆ ಸವಾಲು ಹಾಕಿ, ವಿಷಯದ ಹೆಸರು ಎತ್ತುವಷ್ಟರಲ್ಲಿ ಎಚ್ಚರಿಕೆಯ ಗಂಟೆ ಹೊಡೆದರು. ಆದರೂ ಬಹುಮಾನ ನನಗೇ ಬಂತು. ನನ್ನ ದುರದೃಷ್ಟ ಅಲ್ಲಿಂದಲೇ ಶುರು. ವಿಷಯವೇ ಇಲ್ಲದೆ ಗೆಲ್ಲಬಹುದು ಎಂದು ಹದಿನಾಲ್ಕನೇ ವಯಸ್ಸಿಗೇ ಗೊತ್ತಾಗಬಾರದು.

ಅಂಥ ನನಗೆ ಒಂಬತ್ತನೇ ಕ್ಲಾಸಿನಲ್ಲಿ ಕನ್ನಡಕ್ಕೆ ಸಿಕ್ಕಿದವರು ನಾಗವೇಣಿ ಮೇಡಂ. ಕ್ಯಾಲನೂರಿನ ಹತ್ತಿರದ ನಮ್ಮೂರಿಗೆ ದಿನಾ ಕೋಲಾರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಕುಳ್ಳಗಿನ ಆಳು, ಒಡಕು ದನಿ, ಸೆರಗಿನ ತುದಿಗೆ ಯಾವಾಗಲೂ ಸುಣ್ಣದ ಪುಡಿ. ಹುಟ್ಟಿದ್ದು ಟೇಕಲ್ಲಿನಲ್ಲಿ. “ನಮ್ಮದು ಹಾಲಿನ ಮನೆ ಕಣ್ರೇ. ಬೆಳಗ್ಗೆ ಹಸು ಕರೆದು, ರೈಲಿಗೆ ಟಾಟಾ ಮಾಡಿ ಸ್ಕೂಲಿಗೆ ಓಡ್ತಿದ್ದೆ” ಎಂದು ಒಮ್ಮೆ ಹೇಳಿದ್ದರು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ. ಮೊದಲ ವಾರದಲ್ಲೇ ನನಗೆ ಲಾಯರಮ್ಮ ಎಂದು ಹೆಸರಿಟ್ಟವರೂ ಅವರೇ.

ಮಾಹಿತಿ ಬರಹದ ಪಾಠ ಬಂದಾಗ ಮೇಡಂ ಪುಸ್ತಕ ಮುಚ್ಚಿದರು. “ಊರಿನೋರಿಗೆ ಉಪಯೋಗಕ್ಕೆ ಬರೋ ಒಂದು ವಿಷಯ ಆರಿಸ್ಕೊಳ್ಳಿ. ಒಂದು ಹಾಳೆ ಬರೀರಿ. ಚೆನ್ನಾಗಿದ್ರೆ ಡೈರಿ ಗೋಡೆಗೆ ಅಂಟಿಸೋಣ.” ಆಮೇಲೆ ಪೀಠಿಕೆಗೆ ಬಂದರು. “ಓದೋನು ಬಸ್ ಸ್ಟ್ಯಾಂಡಲ್ಲಿ ನಿಂತವ್ನೆ ಅಂದ್ಕೊಳ್ಳಿ. ಪೀಠಿಕೆ ಅನ್ನೋದು ಬಸ್ಸಿನ ಬೋರ್ಡು. ಇದು ಎಲ್ಲಿಗೆ ಹೋಗುತ್ತೆ, ಯಾವ ಊರಿನ ಮೇಲೆ ಹೋಗುತ್ತೆ, ಇದ್ರಲ್ಲಿ ನಾನ್ಯಾಕೆ ಹತ್ತಬೇಕು, ಇಷ್ಟು ಅವನಿಗೆ ಗೊತ್ತಾಗಬೇಕು. ಶ್ರೀನಿವಾಸಪುರ ಅಂತ ಬೋರ್ಡ್ ಹಾಕ್ಕೊಂಡು ಮಾಲೂರಿಗೆ ಕರ್ಕೊಂಡು ಹೋದ್ರೆ ಜನ ಏನ್ ಮಾಡ್ತಾರೆ?”

“ಡ್ರೈವರ್‌ನ ಇಳಿಸಿ ಬಡೀತಾರೆ ಮೇಡಂ” ಎಂದಿತು ಇಡೀ ಕ್ಲಾಸು, ಬಲು ಉತ್ಸಾಹದಿಂದ.

“ಸರಿ ಹಂಗಾದ್ರೆ. ನಿಮ್ಮನ್ನ ಇಳಿಸ್ತಾರೋ ಕೂರಿಸ್ತಾರೋ ನೋಡೋಣ.”

ನೋಡುವುದು ಎಲ್ಲಿ? ಅದೇ ಅವರ ವಿಶೇಷ. ಸಂಜೆ ಹಾಲಿನ ಡೈರಿಯ ಮುಂದೆ ಕ್ಯಾನು, ತಂಬಿಗೆ ಹಿಡಿದು ಜನ ಸಾಲು ನಿಲ್ಲುತ್ತಾರಲ್ಲ, ಅಲ್ಲಿ. ನಾವು ಹೋಗಿ ನಮ್ಮ ಬರಹದ ಪೀಠಿಕೆಯನ್ನು ಮಾತ್ರ ಓದಬೇಕು. ಓದಿ, ಹಾಳೆ ಮಡಚಿ, “ಮುಂದೆ ಏನಿರುತ್ತೆ ಹೇಳಿ?” ಎಂದು ಕೇಳಬೇಕು. ಅವರು ಹೇಳಿದ್ದಕ್ಕೂ ಒಳಗೆ ನಾವು ಬರೆದದ್ದಕ್ಕೂ ತಾಳೆಯಾದರೆ ಪೀಠಿಕೆ ಗೆದ್ದ ಹಾಗೆ. ಇಲ್ಲವಾದರೆ ಅದನ್ನು ಹರಿದು ಹೊಸದು ಬರೆಯಬೇಕು. ಹಾಲು ತಡವಾಗಬಾರದು ಎಂಬ ಷರತ್ತಿನ ಮೇಲೆ ಡೈರಿಯ ಸೆಕ್ರೆಟರಿ ಶ್ರೀರಾಮಣ್ಣ ಒಪ್ಪಿಕೊಂಡರು. ಮೇಡಂ ಸಾಲಿನ ಕೊನೆಯಲ್ಲಿ, ಬೇವಿನ ಮರದ ಕೆಳಗೆ, ಕೋಲಾರದ ಬಸ್ಸು ಬರುವವರೆಗೆ ನಿಂತಿರುತ್ತಿದ್ದರು.

ಮೊದಲು ಹೋದವಳು ನಾನೇ. ತಂಬಿಗೆ ಹಿಡಿದ ಮುದುಕರನ್ನು ಗೆಲ್ಲುವುದು ಏನು ಮಹಾ! ಫ್ಯಾಟು ಅಳೆಯುವ ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂಬುದು ನನ್ನ ವಿಷಯ. ಕಟ್ಟೆಯ ಮೇಲೆ ಹತ್ತಿ ನಿಂತೆ.

“ಬಂಧುಗಳೇ! ನೀವು ದಿನವೂ ಹಿಂಡಿ ತರುವುದು ಹಾಲಲ್ಲ, ಅದು ನಿಮ್ಮ ಬೆವರು! ಆ ಬೆವರಿನ ಯೋಗ್ಯತೆಯನ್ನು ಅಳೆಯುವ ಆ ಪುಟ್ಟ ಯಂತ್ರದೊಳಗೆ ನಡೆಯುತ್ತಿರುವುದಾದರೂ ಏನು? ಇಂದು ಆ ರಹಸ್ಯದ ಪರದೆ ಸರಿಯಲಿದೆ!”

ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದವರು ಮುನಿವೆಂಕಟಪ್ಪ ತಾತ. ಊರಿನ ಯಾವ ಮಾತೂ ಅವರ ಬಾಯಿ ದಾಟದೆ ಮುಂದಕ್ಕೆ ಹೋಗುತ್ತಿರಲಿಲ್ಲ. ತಮ್ಮ ಕ್ಯಾನಿನೊಳಗೆ ಇಣುಕಿ ನೋಡಿಕೊಂಡರು.

“ಬೆವರಾ? ಅದಕ್ಕೇ ಅನ್ನು, ಮೂರು ದಿನದಿಂದ ನನ್ ಹಾಲಿಗೆ ಮಿಶಿನ್ನಾಗೆ ಡಿಗ್ರಿನೇ ಬತ್ತಿಲ್ಲ.”

ಸಾಲೆಲ್ಲ ಘೊಳ್ಳೆಂದಿತು. ನಾನು ಸೋಲುವವಳಲ್ಲ. “ಮುಂದೆ ಏನಿರುತ್ತೆ ಹೇಳಿ ತಾತ?” ಎಂದೆ.

“ಇನ್ನೇನಿರ್ತೈತೆ ಪಾಪಾ, ನಮ್ ಶ್ರೀರಾಮಣ್ಣ ಸಿಕ್ಕಾಕ್ಕೊಂಡ ಅಂತ ಇರ್ತೈತೆ. ಪರದೆ ಸರೀತದೆ ಅಂದಿ ಅಲ್ಲಾ? ಚೆಪ್ಪು ಚೆಪ್ಪು, ಜಲ್ದಿ ಹೇಳು!”

ಒಳಗಿನಿಂದ ಶ್ರೀರಾಮಣ್ಣ ಕೈಯಲ್ಲಿ ಸ್ಯಾಂಪಲ್ ಬಾಟಲಿ ಹಿಡಿದೇ ಹೊರಗೆ ಬಂದರು. “ಏನಮ್ಮಾ ಇದು? ಓದೋಕೆ ಜಾಗ ಕೊಟ್ಟಿದ್ದೀನಿ ಅಂತ ನನ್ ಮೇಲೇನೇ ಪಂಚಾಯ್ತಿ ಸೇರಿಸ್ತೀಯಾ?” ಯಂತ್ರ ಸರಿಯಾಗಿಯೇ ಅಳೆಯುತ್ತದೆ, ಹೇಗೆ ಅಳೆಯುತ್ತದೆ ನೋಡಿ ಎಂದು ನಾನು ಒಳಗೆ ಅಚ್ಚುಕಟ್ಟಾಗಿ ಬರೆದಿದ್ದೆ. ಅದನ್ನು ಹೇಳೋಣವೆಂದರೆ ಕೇಳುವವರು ಯಾರು? ಜನ ಆಗಲೇ ಬೇರೆ ಬಸ್ಸು ಹತ್ತಿ ಕೂತಿದ್ದರು.

ಮೇಡಂ ಹತ್ತಿರ ಹೋಗಿ, “ಜನಕ್ಕೆ ತಿಳುವಳಿಕೆ ಸಾಲದು ಮೇಡಂ” ಎಂದೆ.

“ಏನಂದ್ರು?”

“ಸೆಕ್ರೆಟರಿ ಸಿಕ್ಕಾಕ್ಕೊಂಡ ಅಂದ್ರು.”

“ನೀನು ಬೋರ್ಡ್ ಹಾಕಿದ್ದು ಆ ಊರಿಗೇ ಅಲ್ವೇನೇ ಲಾಯರಮ್ಮ?”

ಮಾಲೂರಿನ ಬಹುಮಾನದ ಬಣ್ಣ ಬಿಟ್ಟಿದ್ದು ಆ ಬೇವಿನ ಮರದ ಕೆಳಗೆ. ಚರ್ಚೆಯಲ್ಲಿ ಕೇಳುವವರನ್ನು ಹಿಡಿದು ಕೂರಿಸಿದರೆ ಸಾಕು. ಮಾಹಿತಿ ಬರಹದಲ್ಲಿ ಹಿಡಿದವರನ್ನು ಹೇಳಿದ ಜಾಗಕ್ಕೇ ಮುಟ್ಟಿಸಬೇಕು. ಇದನ್ನು ಮೇಡಂ ಎಂದೂ ಹೀಗೆ ವಾಕ್ಯ ಮಾಡಿ ಹೇಳಲಿಲ್ಲ. “ಏನಂದ್ರು?” ಎಂದು ಕೇಳುತ್ತಿದ್ದರು, ಅಷ್ಟೇ. ಬೇರೆ ಟೀಚರುಗಳು ಕೆಂಪು ಪೆನ್ನು ಹಿಡಿಯುತ್ತಾರೆ. ಮೇಡಂ ನಮ್ಮ ಹಾಳೆಗೆ ಪೆನ್ನು ತಾಗಿಸಿದ್ದನ್ನು ನಾನು ಕಂಡಿಲ್ಲ. ಎಷ್ಟೋ ಜನ, ಮಂಜುಳ ಬರೆದದ್ದನ್ನು ಮೇಡಮ್ಮೇ ಬರೆದುಕೊಟ್ಟಿದ್ದು ಅನ್ನುತ್ತಾರೆ. ಅದಕ್ಕೂ ನನ್ನ ಆಕ್ಷೇಪಣೆ ಇದೆ.

ಮಂಜುಳ ನನ್ನ ಬೆಂಚಿನವಳು. ಮಾತು ಕಡಿಮೆ. ಅವಳ ಅಮ್ಮ ದೇವಮ್ಮನ ಮನೆಯಲ್ಲಿ ಇದ್ದದ್ದು ಒಂದೇ ಸೀಮೆಹಸು, ಗೌರಿ. ಹಿಂದಿನ ವರ್ಷ ಗೌರಿಗೆ ಕೆಚ್ಚಲು ಬಾವು ಬಂದು, ಗೊತ್ತಾಗುವುದು ತಡವಾಗಿ, ಒಂದು ತೊಟ್ಟು ಶಾಶ್ವತವಾಗಿ ಬತ್ತಿಹೋಗಿತ್ತು. ಆ ವರ್ಷ ಮತ್ತೆ ಕರು ಹಾಕಿತ್ತು. ಇನ್ನೊಂದು ತೊಟ್ಟು ಹೋದರೆ ಗೌರಿಯನ್ನು ಸಂತೆಗೆ ಹೊಡೆಯುವುದೇ ಎಂದು ಮಂಜುಳಳ ಸೋದರಮಾವ ಹೇಳಿಬಿಟ್ಟಿದ್ದ. ಗೌರಿ ಅಂದರೆ ಮಂಜುಳಳಿಗೆ ಪ್ರಾಣ. ಹಾಲಿನ ಮೊದಲ ಧಾರೆಯನ್ನು ಕಪ್ಪು ಬಣ್ಣದ ಯಾವುದಾದರೂ ಪಾತ್ರೆಗೆ ಹಿಂಡಿ ನೋಡಿದರೆ ಬಾವಿನ ಗುರುತು ಬೇಗ ಸಿಗುತ್ತದೆ ಎಂದು ದನದ ಡಾಕ್ಟರು ಅವಳಿಗೆ ಹೇಳಿದ್ದರು. ಬಾವು ಶುರುವಾಗಿದ್ದರೆ ಹಾಲಿನಲ್ಲಿ ಸಣ್ಣ ಸಣ್ಣ ಬಿಳಿ ಗಡ್ಡೆ ತೇಲುತ್ತದೆ. ಅಮ್ಮನಿಗೆ ಹೇಳಿದರೆ, “ಹಾಲು ಕರೆಯೋದು ನಂಗೇ ಹೇಳ್ಕೊಡ್ತೀಯಾ ನೀನು?” ಎಂದು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಹೊರಟುಹೋಗುತ್ತಿದ್ದಳು.

ಹಾಗಾಗಿ ಮಂಜುಳ ಆರಿಸಿಕೊಂಡ ವಿಷಯ ಕೆಚ್ಚಲು ಬಾವು. ಮಿಕ್ಕವರಿಗೆಲ್ಲ ಅದು ಹೋಂವರ್ಕು. ಅವಳಿಗೆ ಬೇಕಿದ್ದದ್ದು ಒಂದೇ, ಆ ಸಾಲಿನಲ್ಲಿ ನಿಲ್ಲುವ ತನ್ನಮ್ಮ ಅದನ್ನು ಕೊನೆವರೆಗೂ ಕೇಳಬೇಕು.

ಮೊದಲ ಸಲ ಅವಳು ಓದಿದ ಪೀಠಿಕೆ, “ಗೋವು ಕಾಮಧೇನು. ಗೋವಿನ ದೇಹದಲ್ಲಿ ಸಕಲ ದೇವತೆಗಳು ನೆಲೆಸಿದ್ದಾರೆ.” ಸಾಲಿನಲ್ಲಿದ್ದ ಹೆಂಗಸೊಬ್ಬಳು ತಂಬಿಗೆಯನ್ನು ಕಂಕುಳಿಗೆ ಸೇರಿಸಿ ಕೈ ಮುಗಿದಳು. ಮುನಿವೆಂಕಟಪ್ಪ ತಾತ, “ಮುಂದೆ ಮಂಗಳಾರತಿ ಇರ್ತೈತೆ” ಎಂದರು.

ಹರಿದು ಮತ್ತೆ ಬರೆದಳು. ಈ ಸಲ ವಿಜ್ಞಾನದ ಮೇಷ್ಟ್ರನ್ನು ಕೇಳಿ, “ಕೆಚ್ಚಲು ಬಾವು ಎಂಬುದು ಸೂಕ್ಷ್ಮಾಣುಜೀವಿಗಳ ಸೋಂಕಿನಿಂದ ಕ್ಷೀರಗ್ರಂಥಿಗಳಲ್ಲಿ ಉಂಟಾಗುವ ಉರಿಯೂತ” ಎಂದು ಶುರುಮಾಡಿದಳು. ಬೋರ್ಡಿನಲ್ಲಿ ಸರಿಯಾದ ಊರಿನ ಹೆಸರೇ ಇತ್ತು, ತಪ್ಪು ಹೇಳುವ ಹಾಗಿಲ್ಲ. ಆದರೆ ಯಾರೂ ಹತ್ತಲಿಲ್ಲ. “ಇದು ಡಾಕ್ಟ್ರಿಗೆ ಹೇಳ್ಬೇಕಾದ್ದು ಕಣಮ್ಮಾ, ನಮ್ಗಲ್ಲ” ಎಂದು ಒಬ್ಬರು ಕ್ಯಾನು ಮುಂದಕ್ಕೆ ಸರಿಸಿದರು. ಆದರೆ ಕೆಚ್ಚಲು ಬಾವು ಎಂಬ ಎರಡು ಪದ ಮಾತ್ರ ದೇವಮ್ಮನ ಕಿವಿಗೆ ಸರಿಯಾಗಿಯೇ ಬಿದ್ದಿದ್ದವು.

“ಏನೇ? ನಮ್ ಹಸೂಗೆ ಬಂದಿದ್ ರೋಗಾನ ಊರಿಗೆಲ್ಲ ಟಾಂಟಾಂ ಹೊಡೀತೀಯಾ? ನಾಳೆ ನಮ್ ಹಾಲು ಯಾರಾದ್ರೂ ಮುಟ್ತಾರೇನೇ? ಮನೀಗ್ ಬಾ, ಐತೆ ನಿಂಗೆ!”

ಅಮ್ಮ ಕೇಳಲಿ ಎಂದು ಬರೆದ ಹಾಳೆ ಅಮ್ಮನ ಬಾಯನ್ನೇ ಕಟ್ಟಿಹಾಕಿತು. ಮನೆಯಲ್ಲಿ ಎರಡು ದಿನ ಮಾತಿಲ್ಲ. ಮಂಜುಳ ಕ್ಲಾಸಿನಲ್ಲಿ ತಲೆ ಎತ್ತಲಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. ಎದ್ದು ನಿಂತೆ.

“ಮೇಡಂ, ಇದು ಅನ್ಯಾಯ. ಏನ್ ಬರೀಬೇಕು ಅಂತ ನೀವೇ ಹೇಳ್ಬಿಡಿ. ಇವಳು ಹರಿದು ಹರಿದು ಬರೆಯೋಷ್ಟರಲ್ಲಿ ಗೌರಿಗೆ ಬಾವು ಬಂದ್ರೆ ಯಾರ್ ಹೊಣೆ?”

ಮೇಡಂ ಸಿಟ್ಟಾಗಲಿಲ್ಲ. “ಒಳ್ಳೆ ಪ್ರಶ್ನೆ ಲಾಯರಮ್ಮ. ನಾನೇ ಹೋಗಿ ಹೇಳ್ದೆ ಅಂತಿಟ್ಕೋ. ದೇವಮ್ಮ ಏನ್ ಮಾಡ್ತಾಳೆ? ಟೀಚರಮ್ಮ ಬಂದ್ರು ಅಂತ ಕಾಫಿ ಕೊಡ್ತಾಳೆ, ಕೈ ಮುಗೀತಾಳೆ, ಹೂಂ ಅಂತಾಳೆ. ಬೆಳಗ್ಗೆ ಎದ್ದು ತನ್ನಂಗೇ ಕರೀತಾಳೆ. ನಾನು ಹೇಳಿದ್ದು ನನ್ ಪೀಠಿಕೆ ಆಗುತ್ತೆ. ಮಂಜುಳಂದು ಆಗಲ್ಲ.”

ಆಮೇಲೆ ಮಂಜುಳಳ ಕಡೆ ತಿರುಗಿದರು. “ನಿನ್ ಪೀಠಿಕೆ ಓದೋರನ್ನ ನೀನು ಇನ್ನೂ ನೋಡೇ ಇಲ್ಲ ಕಣಮ್ಮಾ. ನಾಳೆ ನಿಮ್ಮಮ್ಮ ಹಾಲು ಕರೆಯೋವಾಗ ಪಕ್ಕದಲ್ಲಿ ಕೂತ್ಕೋ. ಏನೂ ಹೇಳ್ಬೇಡ. ಕೂತ್ಕೊಳ್ಳೋದ್ರಿಂದ ಏಳೋವರೆಗೆ ಏನೇನ್ ಮಾಡ್ತಾಳೆ, ಅಷ್ಟು ನೋಡು.”

ಮಂಜುಳ ಕೂತಳು. ಏನು ನೋಡಿದಳು ಎಂದು ನಮ್ಮ ಕಡೆಯ ಯಾರಿಗಾದರೂ ಹೇಳಿದರೆ, ಅಯ್ಯೋ ಇಷ್ಟೇನಾ ಅನ್ನುತ್ತಾರೆ. ದೇವಮ್ಮ ಕೆಚ್ಚಲು ತೊಳೆದು, ಕಣ್ಣು ಮುಚ್ಚಿ, ಮೊದಲ ಎರಡು ಧಾರೆಯನ್ನು ನೆಲಕ್ಕೆ ಬಿಟ್ಟಳು. ಅದು ಭೂಮಿತಾಯಿಗೆ. ಆಮೇಲೆ ತಂಬಿಗೆ ಇಟ್ಟಳು. ಆ ಊರಿನಲ್ಲಿ ಎಲ್ಲರೂ ಮಾಡುವುದು ಹಾಗೆಯೇ. ಮಂಜುಳ ಹುಟ್ಟಿದಾಗಿನಿಂದ ದಿನಾ ಕಂಡದ್ದೇ, ದಿನಾ ಕಂಡದ್ದಕ್ಕೇ ಕಣ್ಣಿಗೆ ಬಿದ್ದಿರಲಿಲ್ಲ. ಯಾವ ಧಾರೆಯಲ್ಲಿ ರೋಗದ ಗುರುತು ಇರುತ್ತದೆಂದು ಡಾಕ್ಟರು ಹೇಳಿದ್ದರೋ, ಅದನ್ನೇ ಇಡೀ ಊರು ಭಕ್ತಿಯಿಂದ ಕಣ್ಣು ಮುಚ್ಚಿ ಮಣ್ಣಿಗೆ ಇಳಿಸುತ್ತಿತ್ತು.

ಕಂಡದ್ದನ್ನು ಹಾಳೆಗೆ ಇಳಿಸಲು ಅವಳಿಗೆ ಇನ್ನೂ ಎಂಟು ಹತ್ತು ದಿನ ಹಿಡಿಯಿತು. ಓದುವ ಸಂಜೆ ಅವಳು ಕಟ್ಟೆ ಹತ್ತಲಿಲ್ಲ. ಸಾಲಿನ ಪಕ್ಕದಲ್ಲಿ ನಿಂತು ಓದಿದಳು. ಆ ಹಾಳೆ ವರ್ಷಗಟ್ಟಲೆ ಡೈರಿಯ ಗೋಡೆಯ ಮೇಲಿದ್ದದ್ದರಿಂದ ನನಗೆ ಬಾಯಿಪಾಠವಾಗಿದೆ:

“ಹಾಲು ಕರೆಯಲು ಕೂತಾಗ ಮೊದಲ ಎರಡು ಧಾರೆಯನ್ನು ನಾವು ಭೂಮಿತಾಯಿಗೆ ಬಿಡುತ್ತೇವೆ. ಕೆಚ್ಚಲು ಬಾವು ಬರುತ್ತಿದ್ದರೆ ಅದರ ಮೊದಲ ಗುರುತು ಆ ಎರಡು ಧಾರೆಯಲ್ಲೇ ಇರುತ್ತದೆ. ಮಣ್ಣಿಗೆ ಬಿದ್ದರೆ ಅದು ನಮಗೆ ಕಾಣುವುದಿಲ್ಲ. ಮೊದಲು ತೆಂಗಿನ ಚಿಪ್ಪಿಗೆ ಬಿಟ್ಟು ನೋಡಿ, ಆಮೇಲೆ ಕೊಟ್ಟಿಗೆಯಿಂದ ದೂರ ತೆಗೆದುಕೊಂಡು ಹೋಗಿ ಭೂಮಿತಾಯಿಗೇ ಒಪ್ಪಿಸಿ. ಚಿಪ್ಪಿನಲ್ಲಿ ಏನು ನೋಡಬೇಕು, ಕಂಡರೆ ಏನು ಮಾಡಬೇಕು, ಬಾವು ಬರದ ಹಾಗೆ ಹೇಗೆ ನೋಡಿಕೊಳ್ಳಬೇಕು ಎಂಬುದನ್ನು ಕೆಳಗೆ ಬರೆದಿದೆ.”

ಓದಿ, ಹಾಳೆ ಮಡಚಿ, ಮೆಲ್ಲಗೆ ಕೇಳಿದಳು, “ಮುಂದೆ ಏನಿರುತ್ತೆ ಹೇಳಿ?”

ನಗುವವರಿರಲಿಲ್ಲ. ಎಲ್ಲರೂ ತಮ್ಮ ತಮ್ಮ ಕೊಟ್ಟಿಗೆಯಲ್ಲಿ ಕೂತುಬಿಟ್ಟಿದ್ದರು. ಒಬ್ಬಳು, “ಹಾಲು ಒಡ್ಕೊಂಡಂಗೆ ಐತಾ ಅಂತ ನೋಡೋದು ಇರ್ತೈತೆ” ಎಂದಳು. ಇನ್ನೊಬ್ಬರು, “ಚಿಪ್ಪು ಯಾಕೆ ಅಂತಾನೂ ಇರ್ತೈತೆ. ಕಪ್ಪು ಮೇಲೆ ಬಿಳೀದು ಕಾಣ್ತದೆ” ಎಂದರು. ಹಾಳೆಯ ಒಳಗಿದ್ದದ್ದೆಲ್ಲ ಹೆಚ್ಚುಕಡಿಮೆ ಸಾಲಿನಿಂದಲೇ ಬಂತು. “ಪೂರಾ ಓದಮ್ಮಾ” ಎಂದು ಶ್ರೀರಾಮಣ್ಣನೇ ಹಾಲು ಅಳೆಯುವುದನ್ನು ನಿಲ್ಲಿಸಿ ಕೂಗಿದರು. ಹಾಲು ತಡವಾಗಬಾರದು ಎಂದಿದ್ದ ಶ್ರೀರಾಮಣ್ಣ!

ಮುನಿವೆಂಕಟಪ್ಪ ತಾತ ಆಗಲೇ ಹಾಲು ಹಾಕಿ ಮುಗಿಸಿದ್ದರು. ಪೂರ್ತಿ ಕೇಳಿದ ಮೇಲೆ ಖಾಲಿ ಕ್ಯಾನಿನ ಮುಚ್ಚಳ ಹಾಕುತ್ತಾ ಹೇಳಿದರು.

“ಹೋದ ವಾರ ಬರೀಬೇಕಾಗಿತ್ತು ಕಣ್ ಪಾಪಾ ಇದನ್ನ.”

“ಯಾಕ್ ತಾತ?”

“ನಮ್ ಕೆಂದಿಗೆ ಬಂದ್ಬಿಟ್ತು. ನಿನ್ನೆ ಡಾಕ್ಟ್ರು ನೋಡಿ ಒಂದು ತೊಟ್ಟು ಹೋದಂಗೇ ಅಂದ್ರು. ಎರಡು ಧಾರೆ ನಾನೂ ಬಿಡ್ತಿದ್ದೆ, ಕಣ್ಮುಚ್ಕೊಂಡು.” ಆಮೇಲೆ ತಾವೇ ನಕ್ಕರು. “ಹೋಗ್ಲಿ ಬಿಡು. ಮಂಗಳಾರತಿ ಅಂತ ನಾನೇ ಅಂದಿದ್ನಲ್ಲ, ನನಗೇ ಆಯ್ತು.”

ನಾನು ಬೇವಿನ ಮರದ ಕಡೆ ನೋಡಿದೆ. ಮೇಡಂ ಆ ಮಾತು ಕೇಳಿಸಿಕೊಂಡಿದ್ದರು. ಆ ಸಂಜೆ ಮಾತ್ರ “ಏನಂದ್ರು?” ಎಂದು ಕೇಳಲಿಲ್ಲ. ಬಸ್ಸು ಬಂತು, ಹತ್ತಿ ಹೋದರು.

ದೇವಮ್ಮ ಆ ಸಂಜೆ ಮಗಳನ್ನು ಬೈಯಲೂ ಇಲ್ಲ, ಹೊಗಳಲೂ ಇಲ್ಲ. ಬೆಳಗ್ಗೆ ಮಂಜುಳ ಎದ್ದು ಬಂದಾಗ ತಂಬಿಗೆಯ ಪಕ್ಕದಲ್ಲಿ ಒಂದು ಚಿಪ್ಪು ಇತ್ತು, ನಾರೆಲ್ಲ ಕೆರೆದು ನುಣುಪು ಮಾಡಿದ್ದು. ದಸರಾ ರಜೆಯಲ್ಲಿ ಒಂದು ಬೆಳಗ್ಗೆ ಆ ಚಿಪ್ಪಿನಲ್ಲಿ ರವೆಯಂಥ ಬಿಳಿ ಚೂರು ತೇಲಿತು. ಆವತ್ತೇ ಡಾಕ್ಟರು ಬಂದರು. ಗೌರಿಯ ತೊಟ್ಟು ಉಳಿಯಿತು, ಗೌರಿಯೂ ಉಳಿಯಿತು. ಮಂಜುಳ ಈಗ ಅದೇ ಡೈರಿಯಲ್ಲಿ ಟೆಸ್ಟರು. ಒಳಗೆ ನಿಂತು ಊರಿನ ಬೆವರನ್ನೆಲ್ಲ ಅಳೆಯುತ್ತಾಳೆ. ನನಗೆ ಸ್ಕೂಲಿನಲ್ಲಿ ಕೆಲಸ ಸಿಕ್ಕಿದಾಗ ದೇವಮ್ಮನೇ ಆ ಚಿಪ್ಪನ್ನು ಸೆರಗಿನಲ್ಲಿ ಒರೆಸಿ ಕೊಟ್ಟಳು. “ನಿಮ್ ಮಕ್ಳಿಗೂ ತೋರ್ಸು. ಅವತ್ತು ನೀನು ಬೆವರು ಅಂದಿದ್ನೂ ಹೇಳು” ಎಂದು ಸೇರಿಸುವುದನ್ನು ಮರೆಯಲಿಲ್ಲ.

ತರಬೇತಿಗಳಲ್ಲಿ ಹೇಳುವ ಕತೆಯಲ್ಲಿ ಚಿಪ್ಪು ಮೇಡಂ ಕೈಯಲ್ಲಿರುತ್ತದೆ. ನಿಜದಲ್ಲಿ ಅದು ದೇವಮ್ಮನ ಕೈಯಲ್ಲಿತ್ತು. ಮ್ಯಾಜಿಕ್ಕು ಮಾಡಿ ಕೈ ತಟ್ಟಿಸಿಕೊಳ್ಳುವ ಟೀಚರನ್ನು ನಾನೂ ಕಂಡಿದ್ದೇನೆ, ನಾನೂ ಒಂದೆರಡು ಸಲ ಆಗಿದ್ದೇನೆ. ಆದರೆ ಮರದ ಕೆಳಗೆ ಸುಮ್ಮನೆ ನಿಂತು, ತನ್ನ ಮಕ್ಕಳು ಊರೆದುರಿಗೆ ಸೋಲುವುದನ್ನು ನೋಡಿ, ಸಂಜೆಗೊಂದು “ಏನಂದ್ರು?” ಮಾತ್ರ ಕೇಳುವುದಿದೆಯಲ್ಲ, ಅದಕ್ಕೆ ಬೇಕಾದ ಗುಂಡಿಗೆ ನನಗಿನ್ನೂ ಬಂದಿಲ್ಲ. ವಾದದಲ್ಲಿ ಯಾರನ್ನೂ ಸುಲಭಕ್ಕೆ ಒಪ್ಪದ ನಾನು ಅವರನ್ನು ಒಪ್ಪಿದ್ದು ಅದಕ್ಕೇ.

ಗುಂಡಿಗೆಯ ಮಾತು ಯಾಕೆ ಬಂತೆಂದರೆ, ಈಗ ನನ್ನ ಕ್ಲಾಸಿನಲ್ಲಿ ಚಂದ್ರಿಕಾ ಇದ್ದಾಳೆ. ಹಾವು ಕಚ್ಚಿದಾಗ ಏನು ಮಾಡಬೇಕು ಎಂಬುದು ಅವಳ ವಿಷಯ. “ನಾಗರಾಜನು ಶಿವನ ಕೊರಳ ಆಭರಣ” ಎಂದು ಶುರುಮಾಡಿದ್ದಾಳೆ. ಅವಳ ಊರಿನಲ್ಲಿ ಹಾವು ಕಚ್ಚಿದರೆ ಜನ ಮೊದಲು ಯಾವ ಮಂತ್ರವಾದಿಯ ಮನೆಗೆ ಓಡುತ್ತಾರೆ ಎಂದು ನನಗೆ ಗೊತ್ತು. ಪೀಠಿಕೆ ಆ ಮನೆಯ ಬಾಗಿಲಿನಿಂದ ಶುರುವಾಗಬೇಕು ಎಂದೂ ಗೊತ್ತು. ವಾಕ್ಯ ನಾಲಿಗೆಯ ತುದಿಯಲ್ಲಿದೆ. ಹೊಲಗಳಲ್ಲಿ ರಾಗಿ ಸೊಂಟದೆತ್ತರ ನಿಂತಿದೆ, ಹಾವು ಓಡಾಡುವ ಕಾಲ. ಆಸ್ಪತ್ರೆ ಇಂಥಲ್ಲಿದೆ, ಅಲ್ಲಿಗೇ ಓಡಿ ಎಂದು ಕ್ಲಾಸಿಗೆಲ್ಲ ಕೂಗಿ ಹೇಳಿದ್ದೇನೆ. ಅದು ನನ್ನ ಪೀಠಿಕೆ. ಮಂತ್ರ ಬಿಟ್ಟು ಬೇರೇನನ್ನೂ ಒಪ್ಪದ ಚಂದ್ರಿಕಾಳ ಅಜ್ಜನೂ ನಂಬುವಂಥದ್ದನ್ನು ಚಂದ್ರಿಕಾಳೇ ಹುಡುಕಲಿ ಎಂದು ಕಾಯುತ್ತಿದ್ದೇನೆ. ಕಾಯುವುದು ಸರಿಯೋ ತಪ್ಪೋ ಎಂದು ನನ್ನೊಳಗೆ ಪರವೂ ನಾನೇ, ವಿರೋಧವೂ ನಾನೇ ಆಗಿ ಚರ್ಚೆ ನಡೆದಿದೆ. ಗಂಟೆ ಹೊಡೆಯುವವರು ಯಾರೂ ಇಲ್ಲ.

ಹೋದ ಭಾನುವಾರ ಶ್ರೀನಿವಾಸಪುರದ ಬಸ್ಸು ಹತ್ತಿದೆ. ನಿವೃತ್ತಿಯಾದ ಮೇಲೆ ಮೇಡಂ ಇರುವುದು ಅಲ್ಲೇ, ಮಾವಿನ ತೋಪಿನ ಮಗ್ಗುಲಿನ ಮನೆಯಲ್ಲಿ. ದನಿ ಇನ್ನಷ್ಟು ಒಡೆದಿದೆ. ಚಕ್ಕುಲಿ ಕೊಟ್ಟರು, ಅತಿಥಿ ಶಿಕ್ಷಕಿಯ ಪಾಡು ಕೇಳಿದರು. ಮೇಡಂ ಓದಲಿ ಎಂದು ಈ ಬರಹದ ಮೊದಲ ಪ್ಯಾರಾ ಬರೆದ ಹಾಳೆಯನ್ನಷ್ಟೇ ಒಯ್ದಿದ್ದೆ. ಕನ್ನಡಕ ಏರಿಸಿ ಓದಿದರು. ಓದಿ, ಹಳೆಯ ಅಭ್ಯಾಸದಂತೆ ಹಾಳೆ ಮಡಚಿದರು.

“ಮುಂದೆ ಏನಿರುತ್ತೆ ಹೇಳ್ಲಾ? ಚಿಪ್ಪು ಕ್ಲಾಸಿಗೆ ಬರ್ಲೇ ಇಲ್ಲ ಅಂತೀಯ. ಬೆವರಿನ ವಿಷಯ ಬರುತ್ತೆ, ಅದನ್ನ ಬಿಡಬೇಡ. ಮಂಜುಳ, ದೇವಮ್ಮ, ಗೌರಿ. ಆಮೇಲೆ ನನ್ನನ್ನ ಸ್ವಲ್ಪ ಜಾಸ್ತೀನೇ ಹೊಗಳ್ತೀಯ.” ಕನ್ನಡಕ ತೆಗೆದು ನನ್ನನ್ನೇ ನೋಡಿದರು. “ಆದ್ರೆ ಅದಕ್ಕೇ ಬಸ್ ಹತ್ತಿ ಇಲ್ಲೀವರೆಗೆ ಬರೋಳಲ್ಲ ನೀನು. ಕೊನೇಲಿ ಏನೋ ಒಂದು ಕೇಳೋದೈತೆ. ಕೇಳೇ ಲಾಯರಮ್ಮ, ಪೀಠಿಕೆ ಆಯ್ತಲ್ಲ.”

ಚಕ್ಕುಲಿಯನ್ನು ತಟ್ಟೆಗೆ ವಾಪಸ್ಸು ಇಟ್ಟೆ.

“ಮೇಡಂ, ಟೇಕಲ್ಲಿನಲ್ಲಿ ಹಸು ಕರೆದು ಸ್ಕೂಲಿಗೆ ಬರ್ತಿದ್ದೋರು ನೀವು. ಮೊದಲ ಎರಡು ಧಾರೆ ನೀವೂ ನೆಲಕ್ಕೆ ಬಿಟ್ಟಿರ್ತೀರ. ನಾನು ಕ್ಲಾಸಲ್ಲಿ ಎದ್ದು ನಿಂತು ನೀವೇ ಹೇಳ್ಬಿಡಿ ಅಂದಾಗ, ಮುನಿವೆಂಕಟಪ್ಪ ತಾತನ ಕೆಂದಿ ಇನ್ನೂ ಚೆನ್ನಾಗಿತ್ತು. ಗುರುತು ಆ ಎರಡು ಧಾರೆ ಜೊತೆ ಮಣ್ಣಿಗೆ ಹೋಗ್ತಿದೆ ಅಂತ ಆವತ್ತೇ ನಿಮಗೆ ಗೊತ್ತಿತ್ತಾ?”